ಒಳಗಿನ ನಂಬರು

ಜನವರಿ 8, ಬುಧವಾರ

ಮಡಿಕೇರಿಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ಕೀರ್ತಿ ಭಾವ ತನ್ನ ಹೋಂಸ್ಟೇಗೆ ಹೊಸ ಬೋರ್ಡು ಹಾಕಿಸಿದ್ದಾನೆ, ತಿರುವಿನಲ್ಲಿ, ಲಾರಿಯಷ್ಟು ಅಗಲದ್ದು. ಅದರ ತುಂಬ ನನ್ನ ನವೀನ್ ತೆಗೆದ ಫೋಟೋ. ಹೂ ಬಿಟ್ಟ ಕಾಫಿ ತೋಟದ ನಡುವೆ ಅಂಚೆಯವನು ಸೈಕಲ್ ತಳ್ಳಿಕೊಂಡು ಹೋಗುತ್ತಿರುವುದು. ಆ ಒಂದು ಫೋಟೋಗಾಗಿ ನವೀನ್ ಎರಡು ವರ್ಷ, ಹೂ ಬಿಟ್ಟಾಗಲೆಲ್ಲ, ಬೆಳಗಿನ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ಕಾದು ನಿಂತಿದ್ದ. ಬೋರ್ಡಿನಲ್ಲಿ ಕೀರ್ತಿಯ ಹೆಸರಿದೆ, ಅವನ ಫೋನ್ ನಂಬರಿದೆ, ಬಿಸಿನೀರಿನ ವ್ಯವಸ್ಥೆ ಇದೆ ಅಂತಲೂ ಇದೆ. ಫೋಟೋ ತೆಗೆದವನ ಹೆಸರು ಮಾತ್ರ ಎಲ್ಲೂ ಇಲ್ಲ.

ಮನೆಗೆ ಬಂದವಳೇ ಅತ್ತೆಯನ್ನು ಕೇಳಿದೆ, ಈ ಫೋಟೋ ಕೀರ್ತಿ ಭಾವನ ಕೈಗೆ ಹೇಗೆ ಹೋಯಿತು ಅಂತ.

"ನನ್ ಫೋನಲ್ಲಿತ್ತು. ಕಳ್ಸು ಅಂದ, ಕಳ್ಸಿದೆ. ಅವ್ನೂ ನನ್ ಮಗ್ನೇ ಅಲ್ವೇನೇ? ತಮ್ಮಂದು ಅಣ್ಣ ಹಾಕ್ಕಂಡ್ರೆ ಏನಾಯ್ತೀಗ?"

ಏನಾಯ್ತಂತೆ! ಬರುವ ಫೆಬ್ರವರಿ ಒಂಬತ್ತಕ್ಕೆ ನವೀನ್ ಕಾಮಾಲೆಯಲ್ಲಿ ಹೋಗಿ ವರ್ಷ. ಸುಂಟಿಕೊಪ್ಪದ ಅವನ ಸ್ಟುಡಿಯೋದಲ್ಲಿ ಈಗ ಯಾರೋ ಮೊಬೈಲ್ ಕವರ್ ಮಾರುತ್ತಿದ್ದಾರೆ. ಅವನದು ಅಂತ ನನ್ನ ಹತ್ತಿರ ಉಳಿದಿರುವುದು ಎರಡೇ: ಫೋಟೋ ತುಂಬಿದ ಡಿಸ್ಕುಗಳು, ಮತ್ತು ಅವನ ಅವ್ವ ರುದ್ರಮ್ಮ. ಎರಡನೆಯದು ಮೊದಲನೆಯದನ್ನು ಹೀಗೆ ದಾನ ಮಾಡುತ್ತಾ ಕೂತರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಜನವರಿ 11, ಶನಿವಾರ

ತೀರ್ಮಾನ ಮಾಡಿಯಾಯಿತು. ಫೋಟೋಗಳನ್ನು ಬಚ್ಚಿಟ್ಟರೆ ನವೀನನನ್ನೇ ಬಚ್ಚಿಟ್ಟ ಹಾಗೆ. ಕೇಳಿದವರಿಗೆಲ್ಲ ಕಳಿಸಿದರೆ ಕಾಗೆಗಳು ಕಚ್ಚಿಕೊಂಡು ಹೋಗುತ್ತವೆ. ಹಾಗಾಗಿ ಮನೆಯಲ್ಲೇ ಸರ್ವರ್ ಇಡುತ್ತೇನೆ. ನೆಂಟರು, ಅವನ ಹತ್ತಿರ ಮದುವೆ ಫೋಟೋ ತೆಗೆಸಿದವರು, ಯಾರು ಬೇಕಾದರೂ ಫೋನಿನಲ್ಲಿ ನೋಡಲಿ. ಪ್ರತಿ ಫೋಟೋದ ಕೆಳಗೂ ನವೀನ್‌ಕುಮಾರ್ ಅಂತ ಹೆಸರು. ನೋಡುವುದು ಅಷ್ಟೇ, ಎತ್ತಿಕೊಂಡು ಹೋಗುವ ಹಾಗಿಲ್ಲ. ವರ್ಷದ ಪೂಜೆಯ ದಿನ ಎಲ್ಲರೆದುರು ತೆರೆಯುತ್ತೇನೆ. ಕೀರ್ತಿಯೂ ನೋಡಲಿ, ತಮ್ಮನ ಹೆಸರು ಎಲ್ಲಿರಬೇಕು ಅಂತ.

ಸ್ಟುಡಿಯೋದ ಹಳೆಯ ಕಂಪ್ಯೂಟರಿನಲ್ಲಿ ಫೋಟೋ ತೋರಿಸುವ ಪ್ರೋಗ್ರಾಮ್ ಅವನೇ ಹಾಕಿದ್ದಾನೆ. ಆದರೆ ಅದು ಮನೆಯ ವೈಫೈಗೆ ಮಾತ್ರ. ಹೊರಗಿನವರಿಗೂ ಕಾಣಬೇಕೆಂದರೆ ರಿವರ್ಸ್ ಪ್ರಾಕ್ಸಿ ಬೇಕು ಅನ್ನುತ್ತವೆ ವಿಡಿಯೋಗಳು. ಅಂದರೆ ಬಂದವರನ್ನು ಸೀದಾ ಫೋಟೋ ಕಂಪ್ಯೂಟರಿನ ಹತ್ತಿರ ಬಿಡಬಾರದು. ಬಾಗಿಲಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆ ನಿಲ್ಲಬೇಕು. ಬಂದವರ ಮಾತು ಅದು ಕೇಳಿಸಿಕೊಂಡು, ಒಳಗೆ ಹೋಗಿ, ಬೇಕಾದ ಫೋಟೋ ತಂದು ಬಾಗಿಲಲ್ಲೇ ತೋರಿಸಿ ಕಳಿಸುತ್ತದೆ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸೀಸನ್ನಿನಲ್ಲಿ ಲೈನ್ ಮನೆಗಳ ಕೂಲಿಯವರ ಜಗಳವನ್ನೆಲ್ಲ ಬಿಡಿಸುವ, ಅವರ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ನಾನು. ನನಗಿದು ಯಾವ ಮಹಾ?

ಅತ್ತೆ ಅಕ್ಕಿ ರೊಟ್ಟಿ ತಟ್ಟಿ ಮುಚ್ಚಿಟ್ಟಿದ್ದರು. ಗಟ್ಟಿಯಾಗಿತ್ತು.

ಜನವರಿ 14, ಮಂಗಳವಾರ

ಸಂಕ್ರಾಂತಿ. ವರ್ಷ ಆಗಿಲ್ಲ, ಎಳ್ಳು ಬೀರುವ ಹಾಗಿಲ್ಲ. ಆ ಹೊತ್ತನ್ನು ಇಂಟರ್‌ನೆಟ್ ಸುಬ್ಬನ ಜೊತೆ ಜಗಳಕ್ಕೆ ಬಳಸಿಕೊಂಡೆ. ಹೊರಗಿನಿಂದ ಮನೆಯೊಳಗೆ ಬರಲು ನನಗೆ ಅಂತಲೇ ಒಂದು ವಿಳಾಸ ಬೇಕು. ಅವನು ನಮ್ಮ ಬೀದಿಗೆಲ್ಲ ಸೇರಿಸಿ ಒಂದೇ ವಿಳಾಸ ಕೊಟ್ಟಿಟ್ಟಿದ್ದಾನೆ.

"ಅಕ್ಕಾ, ಲೈನ್ ಸರಿ ಉಟ್ಟು," ಅಂತ ಅದೇ ರಾಗ, ಎಲ್ಲ ಸರಿ ಇದೆಯಂತೆ. "ಎಲ್ಲವುಕೂ ಒಳಗಿಂದ ಹೊರಗೆ ಹೋದರೆ ಸಾಕ್. ನಿಮ್ಗೆ ಮಾತ್ರ ಎಂತಕೆ ಹೊರಗಿಂದ ಒಳಗೆ ಬರೊಕು?"

"ನಿನ್ನ ಮದುವೆ ಫೋಟೋ ತೆಗೆದವನ ಹೆಂಡತಿ ಕೇಳ್ತಿದ್ದೀನಿ ಸುಬ್ಬಾ. ಮಾಡಿಕೊಡ್ತೀಯೋ, ಇಲ್ಲ ನಿನ್ನ ಕೇಬಲ್ ಕಿತ್ತು ನಿನ್ನ ಕೈಗೇ ಸುತ್ತಲೋ?"

ಸಂಜೆಯೊಳಗೆ ಮಾಡಿಕೊಟ್ಟ. ಮರ್ಯಾದೆಯಿಂದ ಕೇಳಿದಾಗ ಯಾವ ಕೆಲಸ ಆಗಿದೆ ಈ ಊರಿನಲ್ಲಿ?

ಜನವರಿ 17, ಶುಕ್ರವಾರ

ಆಯಿತು. ಆಯಿತು!

ತೋಟದಲ್ಲಿ ಹಣ್ಣು ತೂಗುವ ಶೆಡ್ಡಿನಲ್ಲಿ ನಿಂತು ನನ್ನ ಫೋನಿನಲ್ಲಿ ತೆರೆದೆ. ನವೀನ್ ತೆಗೆದ ಅತ್ತೆಯ ಫೋಟೋ ಮೊದಲು ಬಂತು. ಬಾಯಿ ತೆರೆದು ಯಾರನ್ನೋ ಬೈಯುತ್ತಿರುವುದು, ಬಹುಶಃ ನನ್ನನ್ನೇ. ಆಮೇಲೆ ಅಂಚೆಯವನು ಬಂದ. ಅಳು ಬಂತು. ಚೀಲ ಹೊತ್ತು ನಿಂತಿದ್ದ ಹೆಂಗಸರು ನನಗೇನೋ ಕೆಟ್ಟ ಸುದ್ದಿ ಬಂತು ಅಂದುಕೊಂಡರು.

ಮನೆಗೆ ಬಂದು, ಯಾರು ಯಾವ ನಂಬರಿನಿಂದ ಬಂದರು ಎಂದು ಕಂಪ್ಯೂಟರ್ ತೋರಿಸುವ ಪುಟ ನೋಡಿದೆ. 192.168 ಅಂತ ಶುರುವಾದರೆ ಮನೆಯೊಳಗಿನವರು, ಬೇರೆ ಏನಿದ್ದರೂ ಹೊರಗಿನವರು ಎಂದು ವಿಡಿಯೋದವನು ಹೇಳಿದ್ದಾನೆ. ನಾನು ಬಂದದ್ದು ಮನೆಯೊಳಗಿನ ನಂಬರಿನಲ್ಲಿ ದಾಖಲಾಗಿದೆ. ಮನೆಯವಳೇ ತಾನೇ, ಸರಿಯಾಗಿಯೇ ಗುರುತು ಹಿಡಿದಿದೆ.

ಅತ್ತೆಯ ಫೋನಿಗೂ ಹಾಕಿಕೊಟ್ಟೆ, ನೋಡುವುದಕ್ಕೆ ಮಾತ್ರ. ಇಲ್ಲವಾದರೆ ಸೊಸೆ ಫೋಟೋನೂ ತೋರಿಸಲಿಲ್ಲ ಅಂತ ಶನಿವಾರಸಂತೆವರೆಗೂ ಡಂಗುರ ಹೊಡೆಯುತ್ತಾರೆ. ಅವರ ಫೋಟೋ ಅವರೇ ನೋಡಿಕೊಂಡು, "ಥೂ, ಏನ್ ಬಾಯೋ ಇದು," ಎಂದು ನಕ್ಕರು.

ಜನವರಿ 19, ಭಾನುವಾರ

ಕೀರ್ತಿ ಬಂದಿದ್ದ. ಒಂದು ಚೀಲ ಕಿತ್ತಳೆ ತಂದು, ಅವ್ವನ ಪಕ್ಕ ಕೂತು, ಅವರ ಫೋನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಇಬ್ಬರೂ ಗುಸುಗುಸು. ನಾನು ನಡುಮನೆಗೆ ಬಂದ ಕೂಡಲೇ ಮಾತು ನಿಂತಿತು.

"ಏನಮ್ಮಾ ಸ್ಪಂದನಾ, ಫೋಟೋಗಳನ್ನ ಪೆಟ್ಟಿಗೇಲಿ ಹಾಕಿ ಬೀಗ ಜಡಿದಿದ್ದೀಯಂತೆ? ಪೂಜೆ ಮಾಡ್ತೀಯಾ?"

"ಪೂಜೆ ಮಾಡ್ತೀನೋ ಉಪ್ಪಿನಕಾಯಿ ಹಾಕ್ತೀನೋ, ನಿಮಗ್ಯಾಕೆ ಭಾವ? ನಿಮ್ಮ ಬೋರ್ಡಿಗೆ ಒಂದು ಸಿಕ್ಕಿದೆಯಲ್ಲ, ಅದರಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ."

"ಅವ್ನು ನನ್ನ ತಮ್ಮ ಕಣಮ್ಮ."

"ಬದುಕಿದ್ದಾಗ ನೆನಪಿರಲಿಲ್ಲ?"

ಎದ್ದು ಹೋದ. ಅತ್ತೆ ಕಿತ್ತಳೆ ಸುಲಿದು ಅರ್ಧ ನನ್ನ ಕಡೆಗೆ ತಳ್ಳಿದರು. ನಾನು ಮುಟ್ಟಲಿಲ್ಲ.

ಜನವರಿ 21, ಮಂಗಳವಾರ

ಯಾರೋ ಪಾಸ್‌ವರ್ಡ್ ಹುಡುಕುತ್ತಿದ್ದಾರೆ.

ಪುಟದ ತುಂಬ ಕೆಂಪು ಸಾಲುಗಳು. ಅಡ್ಮಿನ್ ಎಂಬ ಹೆಸರಿನಲ್ಲಿ ಬಂದು ಪಾಸ್‌ವರ್ಡ್ ತಪ್ಪು, ಮತ್ತೆ ತಪ್ಪು, ಮತ್ತೆ ತಪ್ಪು. ಅಡ್ಮಿನ್ ಅಂದರೆ ಯಜಮಾನನ ಖಾತೆ. ಆ ಬಾಗಿಲಲ್ಲಿ ಹೋದರೆ ಫೋಟೋಗಳನ್ನೆಲ್ಲ ಬಾಚಿಕೊಂಡು ಹೋಗಬಹುದು, ಅಳಿಸಿಯೂ ಹಾಕಬಹುದು. ಯಾವ ಊರಿನ ಕಳ್ಳನೋ ಎಂದು ನಂಬರು ನೋಡಿದೆ.

192.168. ಮನೆಯೊಳಗಿನ ನಂಬರು.

ಈ ಮನೆಯೊಳಗೆ ಇರುವವರು ಇಬ್ಬರು. ನಾನು ಹಗಲೆಲ್ಲ ತೋಟದಲ್ಲಿದ್ದೆ.

ಜನವರಿ 24, ಶುಕ್ರವಾರ

ದಿನಾ ಇದೆ. ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಇದೆ. ನಾನು ಮಲಗಿದ ಹೊತ್ತಿನಲ್ಲೂ ಇದೆ, ಮುದುಕರಿಗೆ ನಿದ್ದೆ ಎಲ್ಲಿ ಬರುತ್ತದೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಕೀರ್ತಿ ಅವತ್ತು ಫೋನು ಹಿಡಿದುಕೊಂಡು ಕೂತು ಇದನ್ನೇ ಹೇಳಿಕೊಟ್ಟಿದ್ದಾನೆ. ಹೀಗೆ ಒತ್ತು ಅವ್ವ, ಬರಲಿಲ್ಲ ಅಂದರೆ ಹಾಗೆ ಒತ್ತು.

ಇವರೋ, ನನ್ನ ಎದುರಿಗೆ ಏನೂ ಗೊತ್ತಿಲ್ಲದವರ ಹಾಗೆ, "ಸುಸ್ತಾಗೀಯ, ಬಿಸ್ನೀರ್ ಕಾಯ್ಸೀನಿ, ಮೈ ತೊಳ್ಕಾ," ಅನ್ನುತ್ತಾರೆ. ಆ ನೀರು ಮೈಮೇಲೆ ಸುರಿದುಕೊಳ್ಳುವಾಗ ಹೊಟ್ಟೆ ಉರಿಯಿತು.

ಜನವರಿ 25, ಶನಿವಾರ

ಒಂದು ಮಾತೂ ಆಡದೆ ಕೆಲಸ ಮುಗಿಸಿದೆ. ಆ ಒಳಗಿನ ನಂಬರಿನಿಂದ ಯಾರು ಬಂದರೂ ಬಿಡಬೇಡ ಅಂತ ಫೋಟೋ ಕಂಪ್ಯೂಟರಿಗೆ ಬರೆದು ಹಾಕಿದೆ. ಒಂದೇ ಸಾಲು. ಇನ್ನು ಒತ್ತಿಕೊಳ್ಳಲಿ ಎಷ್ಟು ಬೇಕೋ ಅಷ್ಟು.

ಜನವರಿ 26, ಭಾನುವಾರ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ನಾನು ಕಳ್ಳ ಅನ್ನುವ ಮೊದಲೇ ಹೆಗಲು ತೋರಿಸಿಕೊಂಡು ಬಂದರು.

"ಏನೇ, ಇದ್ರಲ್ಲಿ ಫೋಟೋನೇ ಬತ್ತಾ ಇಲ್ವಲ್ಲೇ. ಒಸಿ ನೋಡು," ಎಂದು ಬೆಳಿಗ್ಗೆಯೇ ಫೋನು ಹಿಡಿದು ಬಂದರು.

"ಬರಲ್ಲ. ನಾನೇ ನಿಲ್ಲಿಸಿದ್ದು. ಯಾವ ನಂಬರಿಂದ ಬೀಗ ಒಡೀತಿದ್ರೋ ಆ ನಂಬರು ಬಂದ್."

"ಯಾವ್ ಬೀಗ?"

ಆಮೇಲೆ ನನ್ನ ಬಾಯಿಗೆ ಬೀಗ ಇರಲಿಲ್ಲ. ಐದು ದಿನದಿಂದ ನುಂಗಿಕೊಂಡಿದ್ದೆಲ್ಲ ಹೊರಗೆ ಬಂತು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದು ಎಂದೆ. ಕೀರ್ತಿಯ ಬೋರ್ಡಿಗೆ ಒಂದು ಕೊಟ್ಟಿದ್ದು ಸಾಲದೆ ಇಡೀ ಗಂಟನ್ನೇ ಕೊಡಲು ಹೊರಟಿದ್ದೀರಿ ಎಂದೆ.

"ನಾನಾ?" ಎಂದರು.

"ಇನ್ನ್ಯಾರು? ಈ ಮನೇಲಿ ನಾನು, ನೀವು. ನಾನಲ್ಲ."

"ನಾನಾ, ಸ್ಪಂದನಾ?"

"ಒಬ್ಬ ಮಗ ಮಣ್ಣಿಗೆ ಹೋದ. ಅವನ ಬೆವರನ್ನೂ ಇನ್ನೊಬ್ಬನಿಗೆ ಬಸಿದು ಕೊಡ್ತಿದ್ದೀರಲ್ಲ, ನೀವೊಬ್ಬ ಅವ್ವನಾ?"

ಅವರು ಹಣೆಯ ವಿಭೂತಿಯನ್ನು ಸೆರಗಿನಲ್ಲಿ ಒರೆಸಿಕೊಂಡರು. ಬೆವರಿದ್ದರೋ ಏನೋ. ಒಳಗೆ ಹೋದರು. ಅಳುವ ಸದ್ದು ಬರಲಿಲ್ಲ. ತಪ್ಪು ಮಾಡದವರಾಗಿದ್ದರೆ ತಿರುಗಿ ಬೈಯುತ್ತಿರಲಿಲ್ಲವೇ? ಬೈಯುವುದರಲ್ಲಿ ಅವರಿಗೆ ಸಮ ಯಾರಿದ್ದಾರೆ ಈ ಸುಂಟಿಕೊಪ್ಪದಲ್ಲಿ?

ಜನವರಿ 27, ಸೋಮವಾರ

ಬೆಳಗಿನ ಬಸ್ಸಿಗೆ ಮಡಿಕೇರಿಗೆ ಹೊರಟುಹೋದರು, ಬಟ್ಟೆಯ ಬ್ಯಾಗು ಹಿಡಿದುಕೊಂಡು. "ಹಾಲು ಕಾಯ್ಸಿಟ್ಟೀನಿ, ಬೆಕ್ಕು ಬಂದಾತು, ಮುಚ್ಕಾ," ಅಂದರು ಹೊಸಿಲಲ್ಲಿ. ನಾನು ತಲೆ ಎತ್ತಲಿಲ್ಲ.

ಕಳ್ಳತನ ಸಿಕ್ಕಿಬಿದ್ದ ಮೇಲೆ ಯಾರು ತಾನೇ ನಿಲ್ಲುತ್ತಾರೆ? ಹೋಗಲಿ, ಆ ಹೋಂಸ್ಟೇಯಲ್ಲಿ ಟೂರಿಸ್ಟುಗಳಿಗೆ ರೊಟ್ಟಿ ತಟ್ಟಲಿ.

ಜನವರಿ 31, ಶುಕ್ರವಾರ

ಕೆಂಪು ಸಾಲು ಒಂದೂ ಇಲ್ಲ. ಪುಟ ಖಾಲಿ. ಇದಕ್ಕಿಂತ ಸಾಕ್ಷಿ ಬೇಕೇ?

ಬೆಕ್ಕು ಹಾಲು ಕುಡಿದಿದೆ.

ಫೆಬ್ರವರಿ 4, ಮಂಗಳವಾರ

ಮನೆ ನಿಶ್ಶಬ್ದವಾಗಿದೆ, ಒಳ್ಳೆಯದೇ. ಸಂಜೆ ಬಂದರೆ ಟಿವಿಯ ಗಲಾಟೆ ಇಲ್ಲ, ಎಲ್ಲಿಗೆ ಹೋಗಿದ್ದೆ, ಯಾಕೆ ತಡ ಎಂಬ ವಿಚಾರಣೆ ಇಲ್ಲ. ತಣ್ಣೀರಲ್ಲೇ ಸ್ನಾನ ಮಾಡಿದೆ. ಒಲೆ ಹೊತ್ತಿಸುವವರು ಯಾರು, ನನಗೇನು ಬೇರೆ ಕೆಲಸ ಇಲ್ಲವೇ?

ಫೋಟೋಗಳಿಗೆಲ್ಲ ಹೆಸರು ಹಾಕಿ ಮುಗಿಯಿತು. ಭಾನುವಾರ ತೆರೆಯುವುದು.

ಫೆಬ್ರವರಿ 9, ಭಾನುವಾರ

ಹಾಳಾಗಿ ಹೋಗಲಿ ಎಲ್ಲ.

ಶನಿವಾರಸಂತೆ ಕಡೆಯ ಊರಿನಲ್ಲಿ, ನವೀನನ ಗದ್ದಿಗೆಯ ಹತ್ತಿರ ಪೂಜೆ ಚೆನ್ನಾಗಿಯೇ ಆಯಿತು. ಜಂಗಮರು ಬಂದಿದ್ದರು. ಅತ್ತೆ, ಕೀರ್ತಿ, ಅವನ ಹೆಂಡತಿ ಐಶ್ವರ್ಯ ಆ ಕಡೆ ಚಾಪೆಯಲ್ಲಿ, ನಾನು ಈ ಕಡೆ. ಪ್ರಸಾದ ಆದ ಮೇಲೆ ನಾನು ಎದ್ದು ನಿಂತು ಹೇಳಿದೆ: ನವೀನ್ ತೆಗೆದ ಫೋಟೋಗಳನ್ನೆಲ್ಲ ಇವತ್ತಿನಿಂದ ನೀವು ನೋಡಬಹುದು, ನಿಮ್ಮ ಫೋನಿಗೆ ಲಿಂಕ್ ಕಳಿಸಿದ್ದೇನೆ, ತೆರೆಯಿರಿ. ಹೇಳುವಾಗ ನನ್ನ ದನಿ ನಡುಗಲಿಲ್ಲ. ಅದಕ್ಕೆ ವಾರದಿಂದ ಅಭ್ಯಾಸ ಮಾಡಿದ್ದೆ.

ಎಲ್ಲರೂ ಫೋನು ತೆಗೆದರು. ಎಲ್ಲರೂ ಫೋನು ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

"ಏನೋ ಇಂಗ್ಲೀಷಲ್ಲಿ ಬತ್ತೈತಲ್ಲವ್ವಾ," ಎಂದರು ನವೀನನ ದೊಡ್ಡಪ್ಪ ಸಾಂತಪ್ಪನವರು, ಕನ್ನಡಕ ಮೇಲೆ ಕೆಳಗೆ ಮಾಡಿಕೊಂಡು. ಪ್ರವೇಶ ಇಲ್ಲ ಅಂತ ಬರೆದಿತ್ತು. ಎಲ್ಲರ ಫೋನಿನಲ್ಲೂ ಅದೇ. ನನ್ನ ಫೋನಿನಲ್ಲೂ ಅದೇ.

"ಸತ್ತೋನ ಮುಖ ನೋಡೋಕೂ ಗೇಟ್‌ಪಾಸ್ ಬೇಕೇನಮ್ಮ?" ಎಂದ ಕೀರ್ತಿ, ಎಲ್ಲರಿಗೂ ಕೇಳುವ ಹಾಗೆ.

ನೆಲ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಹೋಗುತ್ತಿದ್ದೆ. ಅಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ, "ಈ ಗುಂಡೀಲಿ ನೆಟ್‌ವರ್ಕ್ ಎಲ್ಲೈತೆ? ಮನೆಗೋಗಿ ನೋಡ್ಕಳ್ರಪ್ಪ, ಬತ್ತದೆ. ಪಾಯಸ ತಣ್ಣಗಾಯ್ತದೆ, ಏಳಿ," ಎಂದರು. ಜನ ಎದ್ದರು. ಯಾರು ಕೇಳಿದ್ದರು ಇವರ ವಕಾಲತ್ತು?

ಮನೆಗೆ ಬಂದು ನೋಡಿದರೆ ಕಂಪ್ಯೂಟರಿನಲ್ಲಿ ಎಲ್ಲ ಫೋಟೋ ಸರಾಗವಾಗಿ ಓಡುತ್ತಿವೆ. ಇದು ಕೀರ್ತಿಯದೇ ಕೆಲಸ. ಯಾರನ್ನೋ ಹಿಡಿದು ಹೊರಗಿನಿಂದ ಕೆಡಿಸಿದ್ದಾನೆ. ತಮ್ಮನ ವರ್ಷದ ದಿನ! ಅವನ ಕೈ ಸೇದಿಹೋಗಲಿ.

ಫೆಬ್ರವರಿ 10, ಸೋಮವಾರ

ಸಾಂತಪ್ಪನವರು ಫೋನು ಮಾಡಿದ್ದರು, ಮನೆಯಲ್ಲೂ ಬರುತ್ತಿಲ್ಲ ಅಂತ. ಎತ್ತಲಿಲ್ಲ ಇನ್ಯಾರದ್ದೂ.

ಫೆಬ್ರವರಿ 13, ಗುರುವಾರ

ಇವತ್ತು ಪೂವಮ್ಮ ಮೇಡಂ ಹತ್ತಿರ ಉಗಿಸಿಕೊಂಡೆ. ತೋಟದ ಯಜಮಾನಿ. ಆಫೀಸಿಗೆ ಕರೆಸಿ, ಕುರ್ಚಿಯನ್ನೂ ತೋರಿಸದೆ ಶುರು ಮಾಡಿದರು.

"ಎಂತ ರೈಟರೇ, ಲೈನಲ್ಲಿ ನೀರು ಬರ್ತಿಲ್ಲ ಅಂತ ನೀನು. ತೂಕದ ಮೆಷಿನ್ ಸರಿ ಇಲ್ಲ ಅಂತ ನೀನು. ಚೀಲ ಹರಿದಿದೆ, ಟ್ರ್ಯಾಕ್ಟರ್ ಲೇಟು, ಅದಕ್ಕೂ ನೀನು. ಪಿಕ್ಕಿಂಗ್ ಟೈಮಲ್ಲಿ ದಿನಾ ಬಂದು ನನ್ನ ತಲೆ ತಿಂತೀಯಲ್ಲ, ನಿಂಗೆ ಎಂತ ಪ್ರಾಬ್ಲಂ?"

ಮೊದಲೇ ಕಾದ ಹೆಂಚು ನಾನು. "ಮೇಡಂ, ನನಗೆ ಯಾವ ಪ್ರಾಬ್ಲಮ್ಮೂ ಇಲ್ಲ. ನಾನು ಲೈನಲ್ಲಿ ಇರೋದೂ ಇಲ್ಲ, ಚೀಲ ಹೊರೋದೂ ಇಲ್ಲ. ಅವರು ಬಂದು ನನಗೆ ಹೇಳ್ತಾರೆ, ನಾನು ತಂದು ನಿಮಗೆ ಹೇಳ್ತೀನಿ. ಲೈನಿನವರು ಸೀದಾ ನಿಮ್ಮ ಹತ್ತಿರ ಬರಬಾರದು, ರೈಟರ್ ಮೂಲಕವೇ ಬರಬೇಕು ಅಂತ ರೂಲು ಮಾಡಿದ್ದು ನೀವೇ."

"ಇರ್ಬೋದು. ನಂಗೆ ಕಾಣೋದು ನಿನ್ನ ಮುಖ ಒಂದೇ. ಯಾರು ಹೇಳಿದ್ದು ಅಂತ ನೀನು ಹೇಳದಿದ್ರೆ ಎಲ್ಲಾ ನಿಂದೇ ಅಂತ ಅಲ್ವಾ ನಾನು ತಿಳ್ಕೊಳ್ಳೋದು? ಇನ್ನು ಮೇಲೆ ಹೇಳಿದವರ ಹೆಸರೂ ಜೊತೆಗೆ ತಗೊಂಡು ಬಾ. ಹೋಗು."

ಬಾಗಿಲವರೆಗೆ ಬಂದೆ. ಅಲ್ಲೇ ಕಾಲು ನಿಂತಿತು.

ಮನೆಯಲ್ಲಿ ನಾನು, ಅತ್ತೆ. ಮೂರನೆಯದು ಒಂದಿದೆ. ಬಾಗಿಲಲ್ಲಿ ನಿಂತಿರುವ ಪೆಟ್ಟಿಗೆ. ಹೊರಗಿನಿಂದ ಯಾರೇ ಬಂದರೂ ಅವರ ಮಾತು ಒಳಗಿನ ಕಂಪ್ಯೂಟರಿಗೆ ತಲುಪಿಸುವುದು ಅದು. ಕಂಪ್ಯೂಟರಿಗೆ ಕಾಣುವುದು ಅದರ ಮುಖ ಒಂದೇ. ಅದರ ನಂಬರು ಮನೆಯೊಳಗಿನ ನಂಬರು.

ನಾನು ತೂಕದ ಶೆಡ್ಡಿನಿಂದ ತೆರೆದಾಗಲೂ ಅದೇ ನಂಬರು ಬಂದಿತ್ತಲ್ಲ! ತೋಟದಲ್ಲಿ ನಿಂತವಳನ್ನು ಮನೆಯೊಳಗಿನವಳು ಅಂತ ತೋರಿಸಿದಾಗ ನಾನು ಹೊಗಳಿದೆನಲ್ಲ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ನಾನು.

ಮೇಡಂ ಒಳಗಿನಿಂದ, "ಇನ್ನೂ ಎಂತ ನಿಂತಿದ್ದಿ?" ಎಂದರು. ಅರ್ಧ ದಿನ ರಜೆ ಕೇಳಿದೆ. ಪಿಕ್ಕಿಂಗ್ ಸಮಯದಲ್ಲಿ ಯಾವ ರೈಟರೂ ಕೇಳುವುದಿಲ್ಲ. ಕೊಡಲಿಲ್ಲ.

ಫೆಬ್ರವರಿ 14, ಶುಕ್ರವಾರ

ಬಂದವರ ನಂಬರನ್ನೂ ಜೊತೆಗೆ ಒಳಗೆ ಕಳಿಸು ಅಂತ ಪೆಟ್ಟಿಗೆಗೆ ಬರೆಯಬೇಕು. ಅಷ್ಟೇ. ವಿಡಿಯೋದವನು ಅದನ್ನೂ ಹೇಳಿದ್ದ, ನಾನು ಮುಂದೆ ಓಡಿಸಿಕೊಂಡು ನೋಡಿದ್ದೆ. ಬರೆದೆ. ನಾನು ಹಾಕಿದ್ದ ತಡೆಯನ್ನೂ ತೆಗೆದೆ. ಅದು ಅತ್ತೆಯನ್ನು ತಡೆದಿರಲಿಲ್ಲ. ಪೆಟ್ಟಿಗೆಯನ್ನೇ ತಡೆದಿತ್ತು, ಪೆಟ್ಟಿಗೆಯ ಹಿಂದೆ ನಿಂತ ಲೋಕವನ್ನೆಲ್ಲ ತಡೆದಿತ್ತು. ಪೂಜೆಯ ದಿನ ಅಷ್ಟು ಜನರ ಮುಖದ ಮೇಲೆ ಬಾಗಿಲು ಹಾಕಿದವಳು ನಾನೇ.

ಸಂಜೆಯೊಳಗೆ ಕೆಂಪು ಸಾಲುಗಳು ಮತ್ತೆ ಬಂದವು. ಈಗ ನಿಜವಾದ ನಂಬರುಗಳು. ಯಾವ ಯಾವ ದೇಶದ ಯಂತ್ರಗಳೋ, ಕಂಡ ಬಾಗಿಲನ್ನೆಲ್ಲ ತಟ್ಟಿಕೊಂಡು ಹೋಗುವಂಥವು. ಅವಕ್ಕೆ ನವೀನ್ ಯಾರೋ, ಕೊಡಗು ಎಲ್ಲೋ. ಮನೆಯೊಳಗಿನದು ಒಂದೂ ಇಲ್ಲ. ಮಡಿಕೇರಿಯದೂ ಒಂದೂ ಇಲ್ಲ.

ಪಾಸ್‌ವರ್ಡ್ ಗಟ್ಟಿಯಾಗಿದೆ, ಅವಕ್ಕೆ ಸಿಗುವುದಿಲ್ಲ. ಅದೊಂದು ಸಮಾಧಾನ. ಉಳಿದದ್ದಕ್ಕೆಲ್ಲ ಆ ಪೆಟ್ಟಿಗೆಯನ್ನು ಎತ್ತಿ ಹೊಳೆಗೆ ಎಸೆಯಬೇಕು. ಸುಬ್ಬನನ್ನು, ವಿಡಿಯೋದವನನ್ನು, ಇದನ್ನೆಲ್ಲ ಅರ್ಧಕ್ಕೆ ಬಿಟ್ಟು ಸತ್ತ ನವೀನನನ್ನು, ಯಾರನ್ನು ಬೈದರೂ ಸಮಾಧಾನ ಆಗುತ್ತಿಲ್ಲ. ಊಟ ಮಾಡಲಿಲ್ಲ.

ಫೆಬ್ರವರಿ 16, ಭಾನುವಾರ

ಮಡಿಕೇರಿಗೆ ಹೋಗಿ ಬಂದೆ. ಕ್ಷಮೆ ಕೇಳುವುದಕ್ಕಲ್ಲ, ಏನಾಯಿತು ಅಂತ ಸರಿಯಾಗಿ ವಿವರಿಸುವುದಕ್ಕೆ. ಯಂತ್ರದ ತಪ್ಪು ಅಂತ ಗೊತ್ತಾದರೆ ಯಾರಿಗೂ ಬೇಸರ ಉಳಿಯುವುದಿಲ್ಲ.

ಕೀರ್ತಿಯ ಜಗಲಿಯಲ್ಲಿ ಅತ್ತೆ ಹುರುಳಿ ಆರಿಸುತ್ತಿದ್ದರು. ಐಶ್ವರ್ಯ ಕಾಫಿ ತಂದಿಟ್ಟಳು. ಕೀರ್ತಿ ಬಾಗಿಲಿಗೆ ಒರಗಿಕೊಂಡು ನಿಂತ, ಸಿನಿಮಾ ನೋಡುವವನ ಹಾಗೆ. ನಾನು ಎಲ್ಲ ಹೇಳಿದೆ. ಬಾಗಿಲ ಪೆಟ್ಟಿಗೆ, ಒಳಗಿನ ನಂಬರು, ಪೂವಮ್ಮ ಮೇಡಂ ಹೇಳಿದ ಮಾತು. ಚೆನ್ನಾಗಿಯೇ ವಿವರಿಸಿದೆ. ಐಶ್ವರ್ಯಳಿಗೂ ಅರ್ಥವಾಯಿತು.

"ಅಂದ್ರೆ ಅವತ್ತು ಫೋಟೋ ಬರದಂಗೆ ಮಾಡಿದ್ದು ನಾನಲ್ಲ ಅಂತಾಯ್ತು," ಎಂದ ಕೀರ್ತಿ. "ಹತ್ತು ಜನಕ್ಕೆ ಫೋನ್ ಮಾಡಿ ನನ್ನ ಹೆಸರು ಹೇಳಿದ್ಯಂತಲ್ಲ?"

"ಇಬ್ಬರಿಗೆ. ಸುಳ್ಳು ಹೇಳಬೇಡಿ ಭಾವ."

ಅತ್ತೆ ಮೊರದಿಂದ ಒಂದು ಕಲ್ಲು ಎತ್ತಿ ಅಂಗಳಕ್ಕೆ ಎಸೆದರು.

"ಪೆಟ್ಗೆ ತಪ್ಪು ಏಳ್ತು ಅಂತೀಯ."

"ಹೌದು ಅತ್ತೆ. ಅದೇ ತಪ್ಪು ಹೇಳಿದ್ದು."

"ಪೆಟ್ಗೆ ಏನಂತು?"

"ಮನೆಯೊಳಗಿನವರು ಅಂತು."

"ಮನೆಯೊಳಗಿನೋರು ಅಂತು. ಸರಿ. ರುದ್ರಮ್ಮ ಅಂದೋರ್ ಯಾರು?"

ಕಾಫಿ ಆರಿಹೋಗಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

ಇಷ್ಟು ವಿವರಿಸಿದ ಮೇಲೂ ಇದೇ ಪ್ರಶ್ನೆ ಕೇಳಿದರೆ ನಾನೇನು ಹೇಳಲಿ? ಓದು ಬರಹ ಬಾರದವರಿಗೆ ಯಂತ್ರದ ವಿಷಯ ಹೇಳಲು ಹೋದದ್ದೇ ನನ್ನ ತಪ್ಪು.

ಫೆಬ್ರವರಿ 17, ಸೋಮವಾರ

ಅವರಿಗೆ ಎಲ್ಲ ಅರ್ಥವಾಗಿದೆ. ನಿನ್ನೆ ಬರೆದ ಕೊನೆಯ ಸಾಲು ಹೊಡೆದು ಹಾಕಬೇಕು. ಪೆನ್ನು ಹಿಡಿದೆ, ಇರಲಿ ಅಂತ ಬಿಟ್ಟೆ.

ಫೆಬ್ರವರಿ 20, ಗುರುವಾರ

ಸಾಂತಪ್ಪನವರು ಫೋಟೋಗಳನ್ನು ನೋಡಿದರಂತೆ. ಅವರ ಅಂಗಳದಲ್ಲಿ ನವೀನ್ ತೆಗೆದ ಎಮ್ಮೆಯ ಫೋಟೋ ಸಿಕ್ಕಿತಂತೆ, ಆ ಎಮ್ಮೆ ಎಷ್ಟು ಹಾಲು ಕೊಡುತ್ತಿತ್ತು ಅಂತ ಬಹಳ ಹೊತ್ತು ಹೇಳಿದರು. ಕೇಳಿಸಿಕೊಂಡೆ.

ಕೀರ್ತಿ ಭಾವನಿಗೂ ಒಂದು ಖಾತೆ ಮಾಡಿ ಕಳಿಸಿದೆ. ನೋಡುವುದಕ್ಕೆ ಮಾತ್ರ. ಅವನನ್ನು ನಂಬುವಷ್ಟು ನನಗೆ ತಲೆ ಕೆಟ್ಟಿಲ್ಲ.

ಲೈನಿನ ನೀರಿನ ವಿಷಯ ಮತ್ತೆ ಬಂತು. ಈ ಸಲ ದೂರು ಹೇಳಿದ ಹೆಂಗಸರನ್ನೇ ಮೇಡಂ ಎದುರಿಗೆ ಕರೆದುಕೊಂಡು ಹೋದೆ. ಮೇಡಂ ಗುರಾಯಿಸಿದರು. ಪೈಪು ಹಾಕಿಸುತ್ತಾರಂತೆ.

ಫೆಬ್ರವರಿ 23, ಭಾನುವಾರ

ಮತ್ತೆ ಮಡಿಕೇರಿಗೆ ಹೋದೆ. ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕಾಯಿತು, ಈ ಟೂರಿಸ್ಟುಗಳಿಗೆ ಬೇರೆ ಊರೇ ಇಲ್ಲವೇ?

ಅವ್ವ ಜಗಲಿಯಲ್ಲೇ ಇದ್ದರು, ಬಿಸಿಲಿಗೆ ಕಾಲು ಚಾಚಿಕೊಂಡು. ಕೂತುಕೋ ಅನ್ನಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತೆ. ಪೆಟ್ಟಿಗೆಯ ಮಾತು ತೆಗೆಯಲಿಲ್ಲ.

"ನಾನು," ಎಂದೆ.

"ಏನ್ ನೀನು?"

"ರುದ್ರಮ್ಮ ಅಂತ ಹೆಸರು ಹೇಳಿದ್ದು ನಾನು. ನಂಬರಲ್ಲ. ನಾನು."

ಅಳಬಾರದು ಎಂದುಕೊಂಡಿದ್ದೆ. ಮಾತು ಮುಗಿಯುವ ಮೊದಲೇ ಮೂಗು ಸೋರತೊಡಗಿತ್ತು. ಕರವಸ್ತ್ರವೂ ಇರಲಿಲ್ಲ.

"ಇಷ್ಟು ಏಳಕೆ ಎರಡ್ ಸಲ ಬಸ್ ಹತ್ಬೇಕಾಯ್ತಾ ನಿಂಗೆ?" ಎಂದರು. ಆಮೇಲೆ, "ಸೊರಗಿ ಕಡ್ಡಿ ಆಗೀಯಲ್ಲೇ. ಹೊಟ್ಟೆಗೇನ್ ತಿಂತಿದ್ದೀಯ, ಮಣ್ಣಾ?"

"ಕರೆದುಕೊಂಡು ಹೋಗೋಕೆ ಬಂದಿದ್ದೀನಿ. ಬರ್ತೀರೋ ಇಲ್ವೋ ಹೇಳಿ. ಬಸ್ಸು ಹೋಗಿಬಿಡುತ್ತೆ."

"ಕರೆಯೋ ಗತ್ತು ನೋಡು! ಪೊಲೀಸ್ನೋರು ಕರ್ದಂಗೆ," ಎಂದು ಅವ್ವ ಮಂಡಿ ಹಿಡಿದುಕೊಂಡು ಎದ್ದರು. "ಒಳಗೆ ಬಾಗ್ಲಿಂದೆ ಬ್ಯಾಗೈತೆ, ತಗಂಬಾ. ಭಾರ ಐತೆ, ಹುಷಾರು."

ಒಳಗೆ ಹೋದೆ. ಅವರಿಗೆ ಅಂತ ಕೊಟ್ಟ ಕೋಣೆಯಲ್ಲಿ ಒಂದು ಬೀರು ಇತ್ತು, ಅದರ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಬ್ಯಾಗು ಬಾಗಿಲ ಹಿಂದೆ ನೆಟ್ಟಗೆ ನಿಂತಿತ್ತು. ಇವತ್ತು ಕಟ್ಟಿಟ್ಟಿದ್ದಾ ಎಂದು ಐಶ್ವರ್ಯಳನ್ನು ಕೇಳಿದೆ.

"ಕಟ್ಟೋದೆಲ್ಲಿಂದ ಬಂತು?" ಎಂದಳು ಅವಳು. "ಬಂದ ದಿನದಿಂದ ಬಿಚ್ಚೇ ಇಲ್ಲ. ದಿನಾ ಒಂದು ಸೀರೆ ತೆಗೆಯೋದು, ಒಗೆದು ಒಣಗಿಸಿ ಮತ್ತೆ ಅದರೊಳಗೇ ಇಡೋದು."